ದ್ವೀಪ ನೋಡಲು ಯಾವ ತಿಂಗಳು ಒಳ್ಳೆಯದು?

“ಗಾಳಿ ಬಂದಾಗ ತೂರಿಕೋ” ಎಂಬುದು ನಮ್ಮ ಹಿರಿಯರ ಗಾದೆ. ರಾಶಿ ತೂರುವ ರೈತ ಗಾಳಿಗೆ ಕಾಯುತ್ತಾನೆ, ಗಾಳಿ ಅವನಿಗೆ ಕಾಯುವುದಿಲ್ಲ. ಕಡಲು ದಾಟಿ ದ್ವೀಪ ನೋಡಹೊರಟವರಿಗೂ ಈ ಮಾತು ಅನ್ವಯಿಸುತ್ತದೆ.

ಮೇ ತಿಂಗಳು ಬಂತೆಂದರೆ ಬ್ನೇದ್ ಅಲ್ ಗಾರ್‌ನ ನಮ್ಮ ಮನೆಗಳಲ್ಲಿ ಊರಿನ ಟಿಕೆಟ್ಟಿನದೇ ಮಾತು. ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್ ತಿಂಗಳಲ್ಲಿ. ಆಗ ಇಲ್ಲಿ ಉರಿಬಿಸಿಲು. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅದೇ ಹೊತ್ತಿಗೆ ಕರಾವಳಿಯಲ್ಲಿ ಆಟಿ ತಿಂಗಳ ಮಳೆ. ಮಕ್ಕಳು ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಬೇಕೆಂದು ಹಟ ಹಿಡಿಯುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು ಕಂಬಗಳಂತೆ ನಿಂತ ಬಂಡೆಗಳು ಅಲ್ಲಿವೆ. ಆದರೆ ಸಾಮಾನ್ಯವಾಗಿ ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಅಲ್ಲಿಗೆ ದೋಣಿ ಇಲ್ಲ. ಹೀಗಾಗಿ ಪ್ರತಿವರ್ಷ ಉಡುಪಿಗೆ ಹೋದರೂ ದ್ವೀಪ ನೋಡದ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ.

ಕಾರಣವೇನು? ಬೇಸಿಗೆಯಲ್ಲಿ ಭಾರತದ ನೆಲ ಕಡಲಿಗಿಂತ ಹೆಚ್ಚು ಕಾಯುತ್ತದೆ. ಕಾದ ಗಾಳಿ ಮೇಲೇರಿದಾಗ ತೇವ ತುಂಬಿದ ನೈಋತ್ಯ ಗಾಳಿ ಕಡಲಿನಿಂದ ನುಗ್ಗಿ ಬರುತ್ತದೆ. ಇದೇ ಮುಂಗಾರು. ಅಲೆಗಳು ಎತ್ತರವಾಗುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ. ಕಡಲನ್ನು ಬಲ್ಲ ಮೀನುಗಾರರೇ ದಡದಲ್ಲಿರುವಾಗ, ಹೆಚ್ಚು ಹಣ ಕೊಡುತ್ತೇವೆಂದು ದೋಣಿಯವರನ್ನು ನಾವು ಒತ್ತಾಯಿಸುವುದು ಸರಿಯಲ್ಲ.

‘ಮಾನ್ಸೂನ್’ ಎಂಬ ಪದವೇ ಅರಬ್ಬಿಯ ‘ಮೌಸಿಮ್’ನಿಂದ ಬಂದದ್ದು, ಅರ್ಥ ಋತು. ಹಿಂದೆ ಕುವೈತಿನ ಹಾಯಿಹಡಗುಗಳು ಮುಂಗಾರು ಇಳಿದ ಮೇಲೆ ಖರ್ಜೂರ ತುಂಬಿಕೊಂಡು ನಮ್ಮ ಕರಾವಳಿಯತ್ತ ಹೊರಡುತ್ತಿದ್ದವು. ಮುಂದಿನ ಮುಂಗಾರು ಬಿರುಸಾಗುವ ಮೊದಲೇ ಊರು ಸೇರುತ್ತಿದ್ದವು. ಆ ನಾವಿಕರ ಲೆಕ್ಕಾಚಾರವನ್ನೇ ನಾವೂ ಅನುಸರಿಸೋಣ.

1. ಸೇಂಟ್ ಮೇರೀಸ್, ಲಕ್ಷದ್ವೀಪ: ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಲಕ್ಷದ್ವೀಪಕ್ಕೆ ಭಾರತೀಯರೂ ಮೊದಲೇ ಅನುಮತಿ ಪಡೆಯಬೇಕು.

2. ಅಂಡಮಾನ್: ಅಕ್ಟೋಬರ್, ನವೆಂಬರ್‌ನಲ್ಲೂ ಮಳೆ ಇರುತ್ತದೆ; ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳೇಳುವ ಕಾಲ ಅದು. ಜನವರಿಯಿಂದ ಏಪ್ರಿಲ್ ಉತ್ತಮ.

3. ಶ್ರೀಲಂಕಾ: ಇಲ್ಲಿ ಒಂದೇ ದ್ವೀಪಕ್ಕೆ ಎರಡು ಕಾಲ. ಆಗುಂಬೆಯಲ್ಲಿ ಮಳೆ ಸುರಿಯುವಾಗ ಘಟ್ಟದಾಚೆಯ ಚಿತ್ರದುರ್ಗ ಒಣಗಿರುವುದಿಲ್ಲವೇ? ಹಾಗೆಯೇ ನಡುವಿನ ಬೆಟ್ಟಗಳು ಮುಂಗಾರನ್ನು ತಡೆಯುವುದರಿಂದ ಜುಲೈ, ಆಗಸ್ಟ್‌ನಲ್ಲಿ ಪೂರ್ವದ ಟ್ರಿಂಕೋಮಲಿಯಲ್ಲಿ ಮಳೆ ಕಡಿಮೆ. ಗಾಲೆಯ ಕಡೆಗೆ ಜನವರಿ, ಫೆಬ್ರವರಿ ಸೂಕ್ತ.

4. ಬಾಲಿ, ಮಾರಿಷಸ್: ಇವು ಭೂಮಧ್ಯರೇಖೆಯ ದಕ್ಷಿಣಕ್ಕಿವೆ. ನಮ್ಮ ಜುಲೈ ಅಲ್ಲಿ ಮಳೆ ಕಡಿಮೆಯಿರುವ ತಂಪು ಕಾಲ.

ಪೋಷಕರೇ, ವರ್ಷಕ್ಕೊಮ್ಮೆ ಸಿಗುವ ರಜೆ, ಕಷ್ಟಪಟ್ಟು ಉಳಿಸಿದ ಹಣ ಎರಡೂ ಅಮೂಲ್ಯ. ಟಿಕೆಟ್ಟಿನ ದರ ನೋಡುವ ಮುನ್ನ ಗಾಳಿಯ ದಿಕ್ಕು ನೋಡಿ. ರಜೆ ಜುಲೈನಲ್ಲೇ ಎಂದಾದರೆ ಅದಕ್ಕೆ ಹೊಂದುವ ದ್ವೀಪ ಆರಿಸಿ. ಊರಿನ ದ್ವೀಪವನ್ನೇ ತೋರಿಸಬೇಕೆಂದರೆ ಒಂದು ವರ್ಷವಾದರೂ ಡಿಸೆಂಬರ್ ರಜೆಯಲ್ಲಿ ಹೋಗಿಬನ್ನಿ. ಮಳೆಗಾಲದ ಊರೇನೂ ಕಡಿಮೆಯಲ್ಲ: ತುಂಬಿದ ಜೋಗವಿದೆ, ಅಜ್ಜಿ ಮಾಡುವ ಪತ್ರೊಡೆಯಿದೆ. ಡಿಸೆಂಬರಿಗೆ ಹೋದವರಿಗೆ ಇವೆರಡೂ ಸಿಗಲಾರವು.

ವಿದ್ಯಾರ್ಥಿಗಳೇ, ನಿಮಗೊಂದು ಅಭ್ಯಾಸ: ಭೂಪಟದಲ್ಲಿ ಮೇಲಿನ ದ್ವೀಪಗಳನ್ನು ಗುರುತಿಸಿ. ಜುಲೈ ತಿಂಗಳ ಗಾಳಿಯನ್ನು ಬಾಣದಿಂದ ತೋರಿಸಿ. ಈ ಬಾರಿಯ ರಜೆಗೆ ಯಾವುದು ಸೂಕ್ತವೆಂದು ಮನೆಯವರಿಗೆ ಕಾರಣಸಹಿತ ವಿವರಿಸಿ.