ಪರಿಹಾರ ಬರುವ ಮೊದಲೇ ದಾಖಲೆ ಸರಿಯಿರಲಿ



2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಹೋಟೆಲು, ಮದುವೆ ಛತ್ರಗಳು ಮುಚ್ಚಿ ಹಾಲಿನ ಮಾರಾಟ ಕುಸಿಯಿತು. ಹೂವು ಹೊಲದಲ್ಲೇ ಬಾಡಿತು. ಆಗ ಸರ್ಕಾರ ಕೊಟ್ಟ ನೆರವು ಕೆಲವರ ಕೈ ಸೇರಿತು, ಕೆಲವರಿಗೆ ಸೇರಲಿಲ್ಲ. ಏಕೆಂದು ತಿಳಿದುಕೊಂಡರೆ ಮುಂದಿನ ಕಷ್ಟಕಾಲದಲ್ಲಿ ನಮಗೆ ಉಪಯೋಗ.

ಯಾವ ನೆರವು, ಯಾರಿಗೆ?

ಕೇಂದ್ರ ಸರ್ಕಾರವು ಪಿಎಂ ಕಿಸಾನ್ ಯೋಜನೆಯ 2,000 ರೂ. ಕಂತನ್ನು 2020ರ ಏಪ್ರಿಲ್‌ನಲ್ಲೇ ಬಿಡುಗಡೆ ಮಾಡಿತು. ಇದು ವರ್ಷದ 6,000 ರೂ.ಗಳಲ್ಲಿ ಒಂದು ಕಂತೇ ಹೊರತು ಹೆಚ್ಚುವರಿ ಹಣವಲ್ಲ. ರಾಜ್ಯ ಸರ್ಕಾರವು ಮೇ ತಿಂಗಳಲ್ಲಿ ಹೂವು ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂ. (ಗರಿಷ್ಠ ಒಂದು ಹೆಕ್ಟೇರಿಗೆ), ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ರೂ. ಘೋಷಿಸಿತು.

ಗಮನಿಸಿ, ಇವೆಲ್ಲ ಜಮೀನು, ಬೆಳೆಯ ದಾಖಲೆ ನೋಡಿ ಕೊಟ್ಟವು. ಜಮೀನಿಲ್ಲದೆ ಎರಡು ಹಸು ಕಟ್ಟಿಕೊಂಡವರಿಗೆ ಇವುಗಳಲ್ಲಿ ಪಾಲಿರಲಿಲ್ಲ. ಅವರಿಗೆ ಆಸರೆಯಾದದ್ದು ಸಂಘದ ಬಟವಾಡೆ. ಹಾಲು ಉತ್ಪಾದಕರಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಕೊಡಿಸಲು 2020ರ ಜೂನ್ 1ರಿಂದ ಜುಲೈ 31ರವರೆಗೆ ವಿಶೇಷ ಆಂದೋಲನ ನಡೆಯಿತು. ಆದರೆ ಅದು ಸಾಲ, ಪರಿಹಾರವಲ್ಲ. ಮರಳಿ ಕಟ್ಟಲೇಬೇಕು.

ನಾನು ಕಂಡದ್ದು

ಆ ವರ್ಷ ಕೆಚ್ಚಲು ಬಾವಿನ ಚಿಕಿತ್ಸೆಗೆಂದು ಒಂದು ಮನೆಗೆ ಹೋಗಿದ್ದೆ. ಆ ತಾಯಿ ಅರ್ಧ ಎಕರೆ ಸೇವಂತಿಗೆ ಹಾಕಿದ್ದರು. ಲೆಕ್ಕದಂತೆ ಸುಮಾರು 5,000 ರೂ. ಬರಬೇಕಿತ್ತು. ಆದರೆ ಪಹಣಿ ತೀರಿಹೋದ ಮಾವನವರ ಹೆಸರಿನಲ್ಲೇ ಇತ್ತು. "ಸಾರ್, ದುಡಿದವಳು ನಾನು, ಹೆಸರು ಮಾತ್ರ ಅವರದು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಪೌತಿ ಖಾತೆ ಮಾಡಿಸಿದ್ದರೆ ಆ ಮಾತು ಬರುತ್ತಿರಲಿಲ್ಲ.

2022ರಲ್ಲಿ ಚರ್ಮಗಂಟು ರೋಗ ಬಂದಾಗಲೂ ಇದೇ ಪಾಠ. ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂ. ಪರಿಹಾರವಿತ್ತು. ಪಶುವೈದ್ಯರಿಗೆ ತಿಳಿಸದೆ ರಾಸನ್ನು ಹೂತು, ಆಮೇಲೆ ಆಸ್ಪತ್ರೆಗೆ ಬಂದವರನ್ನು ಕಂಡಿದ್ದೇನೆ. ಹೂತ ಮೇಲೆ ನಾವು ಏನನ್ನು ನೋಡಿ ದೃಢೀಕರಿಸುವುದು?

ಈಗಲೇ ಮಾಡಬೇಕಾದದ್ದು

1. ಹಿರಿಯರು ತೀರಿಹೋಗಿದ್ದರೆ ಪೌತಿ ಖಾತೆಗೆ ನಾಡಕಚೇರಿಯಲ್ಲಿ ವಿಚಾರಿಸಿ.
2. ಆಧಾರ್, ಪಹಣಿ, ಬ್ಯಾಂಕ್ ಪಾಸ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಖಾತೆಗೆ ಆಧಾರ್ ಜೋಡಣೆಯಾಗಿರಲಿ.
3. ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ ಪಡೆದು ಬರೆದಿಟ್ಟುಕೊಳ್ಳಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ಕೇಳಿ.
4. ಪ್ರತಿ ರಾಸಿಗೂ 12 ಅಂಕಿಯ ಕಿವಿಯೋಲೆ ಹಾಕಿಸಿ. ಬಿದ್ದುಹೋದರೆ ಕೂಡಲೇ ತಿಳಿಸಿ.
5. ರಾಸು ಸತ್ತರೆ ಹೂಳುವ ಮೊದಲು ಪಶುವೈದ್ಯರಿಗೆ ಹೇಳಿ ಕಳುಹಿಸಿ.
6. ಹಾಲು ಕರೆದು ಹಾಕುವವರ ಹೆಸರಿನಲ್ಲೇ ಸಂಘದ ಸದಸ್ಯತ್ವ, ಖಾತೆ ಇರಲಿ.

ಕಷ್ಟ ಹೇಳಿ ಬರುವುದಿಲ್ಲ. ಬಂದ ಮೇಲೆ ಕಾಗದ ಹುಡುಕುತ್ತ ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು, ಒಂದು ದಿನ ಬಿಡುವು ಮಾಡಿಕೊಂಡು ಇವನ್ನು ಸರಿಪಡಿಸಿಕೊಳ್ಳಿ. ಅನುಮಾನವಿದ್ದರೆ ಸಂಘದ ಕಾರ್ಯದರ್ಶಿಯವರನ್ನು ಕೇಳಿ.