ಹೆಬ್ಬಲಸು: ಮಾರುವ ಮೊದಲು ಅಳೆದು ನೋಡಿ

ಸಾಗುವಾನಿ, ಬೀಟೆ, ಹೊನ್ನೆಗೆ ಸಿಗುವ ಮರ್ಯಾದೆ ಹೆಬ್ಬಲಸಿಗಿಲ್ಲ. ಸಿರಿಮನೆ, ಕಿಗ್ಗದ ಕಡೆ ತೋಟದಂಚಿನಲ್ಲಿ ತಾನಾಗಿ ಹುಟ್ಟಿ ಬೆಳೆದ ಮರ ಅದು. ದುಡ್ಡು ಕೊಟ್ಟು ತಂದದ್ದಲ್ಲ, ಅದಕ್ಕೇ ಇರಬೇಕು. ಹಳದಿ ಎಲೆ ರೋಗದಿಂದ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಎಷ್ಟೋ ಅಡಿಕೆ ತೋಟಗಳು ಸೊರಗಿದ ಮೇಲೆ, ಮದುವೆ, ಆಸ್ಪತ್ರೆ ಖರ್ಚು ಅಂತ ಬಂದಾಗ ಮೊದಲು ಕಣ್ಣು ಬೀಳೋದು ಇಂಥ ಮರದ ಮೇಲೆ. ಅದೂ ನಿಂತ ಮರವನ್ನೇ ಕಣ್ಣಂದಾಜಿನಲ್ಲಿ, 'ಒಟ್ಟು ಇಷ್ಟು' ಅಂತ ಕೊಡುವುದು.

ಹಾಗಾದರೆ ಅದರ ಯೋಗ್ಯತೆ ಎಷ್ಟು? ಹೆಬ್ಬಲಸು ಹಲಸಿನ ದಾಯಾದಿ. ಹಲಸು ಕೆಳಗೇ ಕವಲೊಡೆದರೆ ಇದು ನೆಟ್ಟಗೆ ಮೇಲೇರುತ್ತದೆ, ಹಾಗಾಗಿ ಉದ್ದದ ನಾಟಾ ಸಿಗುತ್ತದೆ. ಚೇಗು ಕೊಯ್ದಾಗ ಹೊಂಬಣ್ಣ, ದಿನ ಕಳೆದಂತೆ ಕಂದು. ಒಣಗಿದ ಮರ ಘನ ಅಡಿಗೆ ಸುಮಾರು 17 ಕಿಲೋ, ಸಾಗುವಾನಿಗಿಂತ ತುಸು ಹಗುರ. ಗೆದ್ದಲಿಗೆ ಸುಲಭದಲ್ಲಿ ಬಗ್ಗುವುದಿಲ್ಲ. ಈ ಮಾತು ಚೇಗಿಗೆ ಮಾತ್ರ. ಹೊರಗಿನ ಬಿಳಿ ಭಾಗ ಬಾಳಿಕೆಯದಲ್ಲ, ಎಳೆ ಮರದಲ್ಲಿ ಅದೇ ಜಾಸ್ತಿ. ಬಾಗಿಲುವಾಡ, ಕಿಟಕಿ, ಮುಚ್ಚಿಗೆ, ಪಕಾಸು ಎಲ್ಲಕ್ಕೂ ಆದೀತು.

ನೀರಿನಲ್ಲಂತೂ ಇದರ ಹೆಸರು ದೊಡ್ಡದು. ಕೇರಳದವರು 'ಆಞ್ಞಿಲಿ' ಅನ್ನುವುದು ಇದನ್ನೇ. ಅಲ್ಲಿನ ಓಟದ ಚುಂಡನ್ ದೋಣಿಗಳು ಇದರಿಂದಲೇ ಆಗುವುದು. 1980ರಲ್ಲಿ ಟಿಮ್ ಸೆವೆರಿನ್ ಎಂಬವರು ಒಮಾನಿನಲ್ಲಿ ಹಳೇ ಅರಬ್ಬಿ ಮಾದರಿಯ 'ಸೊಹಾರ್' ಹಡಗು ಕಟ್ಟಿಸಿದಾಗ ಹಲಗೆ ಹೋದದ್ದು ಮಲಬಾರದ ಇದೇ ಮರದಿಂದ. ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ಆ ಹಡಗು 1981ರಲ್ಲಿ ಚೀನಾ ಮುಟ್ಟಿತು. ನಮ್ಮ ಮಳೆಗಾಲ ಅದಕ್ಕೇನು ಲೆಕ್ಕ!

ಈಗ ಅಳತೆ. ಒಂದು ಟೇಪು, ಒಂದು ಕೋಲು ಸಾಕು. ನಿಮ್ಮ ಕಣ್ಣಿನಿಂದ ಚಾಚಿದ ಮುಷ್ಟಿಗೆ ಎಷ್ಟು ದೂರವೋ, ಕೋಲು ಮುಷ್ಟಿಯ ಮೇಲೆ ಅಷ್ಟೇ ಉದ್ದ ಇರಲಿ. ಅದನ್ನು ನೆಟ್ಟಗೆ ಹಿಡಿದು, ಮುಷ್ಟಿಯ ಮೇಲ್ಭಾಗ ಮರದ ಬುಡಕ್ಕೂ ಕೋಲಿನ ತುದಿ ಮೊದಲ ಕವಲಿಗೂ ಸರಿಯಾಗುವ ತನಕ ಹಿಂದೆ ಹೋಗಿ. ಅಲ್ಲಿಂದ ಮರಕ್ಕೆ ಎಷ್ಟು ಅಡಿಯೋ, ದಿಮ್ಮಿಯ ಎತ್ತರ ಸುಮಾರು ಅಷ್ಟು. ಇಳಿಜಾರಾದರೆ ಮರದ ಬುಡದ ಮಟ್ಟದಲ್ಲೇ ಅಡ್ಡಕ್ಕೆ ನಡೆಯಬೇಕು.

ನಾಟಾ ವ್ಯಾಪಾರದ ಲೆಕ್ಕ ಹೀಗೆ: ದಿಮ್ಮಿಯ ನಡುಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ. ನಡುಸುತ್ತು 6 ಅಡಿ, ಉದ್ದ 20 ಅಡಿ ಅಂತಿಟ್ಟುಕೊಳ್ಳಿ. ಒಂದೂವರೆ ಒಂದೂವರೆಯಲೆ ಎರಡೂಕಾಲು, ಅದರ ಇಪ್ಪತ್ತು ಪಾಲು 45 ಘನ ಅಡಿ. ದಿಮ್ಮಿಯಲ್ಲಿ ನಿಜಕ್ಕೂ ಇರುವುದು 57 ಘನ ಅಡಿ. ಕೊಯ್ತದಲ್ಲಿ ಹೋಗುವ ಪಾಲು ಅಂತ ಐದರಲ್ಲಿ ಒಂದಂಶ ಲೆಕ್ಕದಲ್ಲೇ ಕಳೆದಾಗಿದೆ. ಅದರ ಮೇಲೆ 'ಕೊಯ್ಯುವಾಗ ನಷ್ಟ' ಅಂತ ಮತ್ತೊಮ್ಮೆ ಕಡಿತ ಕೇಳಿದರೆ ಒಪ್ಪಬೇಡಿ. ತೊಗಟೆಗೆ, ಒಳಪೊಟರೆಗೆ ಕಳೆಯುವುದು ನ್ಯಾಯ.

ಒಂದು ಎಚ್ಚರ. ಸೊಪ್ಪಿನಬೆಟ್ಟದಲ್ಲಿ ನಮಗಿರುವುದು ಸೊಪ್ಪಿನ ಸವಲತ್ತು, ಮರ ನಮ್ಮದಲ್ಲ. ಸ್ವಂತ ಜಾಗದ್ದಾದರೂ 1976ರ ಮರ ಸಂರಕ್ಷಣಾ ಕಾಯಿದೆಯಂತೆ ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ಪಹಣಿ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ನೀವೇ ಹೋಗಿ.

ಮನೆಕೆಲಸಕ್ಕಾದರೆ ಹಸಿಯಲ್ಲೇ ಕೊಯ್ಸಿ, ನೆರಳಲ್ಲಿ ರೀಪು ಕೊಟ್ಟು ಪೇರಿಸಿ. ಬಿಸಿಲಿಗೆ ಹಾಕಿದರೆ ಮೈ ಸೀಳುತ್ತದೆ.

ಹೊಸ ಗಿಡ ಮಾಡೋದು ಕಷ್ಟವಲ್ಲ. ಮಳೆಗಾಲದ ಹೊಸ್ತಿಲಲ್ಲಿ ಬೀಳುವ ಹಣ್ಣಿನ ಬೀಜ ತೊಳೆದು ತಕ್ಷಣ ತೊಟ್ಟೆಗೆ ಹಾಕಬೇಕು. ಒಣಗಿಸಿ ಇಟ್ಟರೆ ಹುಟ್ಟುವುದಿಲ್ಲ. ಎಳೆಗಿಡದ ಎಲೆ ಸೀಳುಸೀಳಾಗಿರುತ್ತದೆ, ಬೇರೆ ಜಾತಿ ಅಂತ ಕಿತ್ತು ಬಿಸಾಡಬೇಡಿ! ಮೊದಲೆರಡು ವರ್ಷ ಸ್ವಲ್ಪ ನೆರಳು ಬೇಕು. ತೋಟದ ಪಡುವಣ ಅಂಚಿಗೆ ನೆಟ್ಟರೆ ಅಡಿಕೆಗೆ ಇಳಿಬಿಸಿಲು ತಪ್ಪೀತು. ಒರಟು ತೊಗಟೆಗೆ ಕಾಳುಮೆಣಸು ಚೆನ್ನಾಗಿ ಹತ್ತುವುದರಿಂದ ಚೇಗು ಕಟ್ಟುವ ಮೂವತ್ತು ನಲವತ್ತು ವರ್ಷ ಮರ ಸುಮ್ಮನೆ ನಿಲ್ಲಬೇಕಾಗಿಲ್ಲ.