ಬೊಜ್ಜಿನ ಮೈಯಲ್ಲಿ ಇನ್ಸುಲಿನ್: ಬಿಳಿ ಅನ್ನ ಮತ್ತು ಎಣ್ಣೆಯ ಪಾತ್ರ

ಸಕ್ಕರೆ ಕಾಯಿಲೆ ಪಟ್ಟಣದವರಿಗೆ ಮಾತ್ರ ಬರುವುದೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಇದು ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು 2023ರಲ್ಲಿ ಪ್ರಕಟವಾಗಿದ್ದು, ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಹಳ್ಳಿಗರೂ ಇವರಲ್ಲಿ ಸೇರಿದ್ದಾರೆ. ಉಳುಮೆಗೆ ಟ್ರ್ಯಾಕ್ಟರು, ಓಡಾಟಕ್ಕೆ ಬೈಕು ಬಂದ ಮನೆಗಳಲ್ಲಿ ಮೈದಣಿವು ತಗ್ಗಿದೆ. ಊಟ ಮಾತ್ರ ತಗ್ಗಿಲ್ಲ.

ಇನ್ಸುಲಿನ್ನಿನ ಕೆಲಸ

ಅನ್ನ, ಮುದ್ದೆ, ರೊಟ್ಟಿಗಳ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಸ್ರವಿಸುತ್ತದೆ. ಸ್ನಾಯುಗಳು ಸಕ್ಕರೆಯನ್ನು ಹೀರಿಕೊಳ್ಳುವಂತೆಯೂ, ಯಕೃತ್ತು ಹೆಚ್ಚು ಸಕ್ಕರೆಯನ್ನು ರಕ್ತಕ್ಕೆ ಬಿಡದಂತೆಯೂ ಇದು ಮಾಡುತ್ತದೆ. ಕೂಡಿಟ್ಟ ಕೊಬ್ಬು ಕರಗುವುದನ್ನೂ ಇದು ತಡೆಯುತ್ತದೆ.

ಬೊಜ್ಜಿನಿಂದಾಗುವ ತೊಡಕು

ಹೊಟ್ಟೆಯ ಸುತ್ತ ಕೊಬ್ಬು ಬೆಳೆದವರಲ್ಲಿ ಯಕೃತ್ತು, ಸ್ನಾಯುಗಳಲ್ಲಿಯೂ ಕೊಬ್ಬು ಸೇರಿಕೊಂಡು ಇನ್ಸುಲಿನ್ನಿನ ಮಾತು ನಡೆಯದಂತಾಗುತ್ತದೆ. ಹೂಳು ತುಂಬಿದ ಕಾಲುವೆಯಲ್ಲಿ ಕೊನೆಯ ಗದ್ದೆಗೆ ನೀರು ಮುಟ್ಟಿಸಲು ತೂಬನ್ನು ಹೆಚ್ಚು ಎತ್ತಬೇಕಾಗುವಂತೆ, ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸ್ರವಿಸಬೇಕಾಗುತ್ತದೆ. ಹಲವು ವರ್ಷ ಹೀಗೆ ದುಡಿದು ಅದು ಸೋತಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅಲ್ಲಿಯವರೆಗೆ ನೋವಾಗಲಿ ಬೇರೆ ಸೂಚನೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ತೌಡು ತೆಗೆದ ಧಾನ್ಯ

ಗಿರಣಿಯಲ್ಲಿ ಅಕ್ಕಿಗೆ ಪಾಲಿಷ್ ಮಾಡಿದಾಗ ನಾರು ಮತ್ತು ಜೀವಸತ್ವಗಳಿರುವ ತೌಡು ದನದ ಪಾಲಾಗುತ್ತದೆ; ಬಹುಪಾಲು ಪಿಷ್ಟವೇ ಮನೆಯವರ ಪಾಲಿಗೆ ಉಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಕಡಿಮೆಯಾದ ಬಿಳಿ ಅನ್ನ, ಮೈದಾ ತಿಂಡಿಗಳು ಬೇಗ ಜೀರ್ಣವಾಗಿ ಸಕ್ಕರೆಯನ್ನೂ ಇನ್ಸುಲಿನ್ನನ್ನೂ ಒಮ್ಮೆಲೇ ಏರಿಸುತ್ತವೆ. ಬೆಲ್ಲವೂ ಈ ವಿಷಯದಲ್ಲಿ ಸಕ್ಕರೆಯೇ. ನುಣ್ಣಗೆ ಬೀಸಿದ ರಾಗಿಯ ಗಂಜಿಯೂ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಆದ್ದರಿಂದ ರಾಗಿಯೆಂದು ಮಿತಿ ಮೀರಬಾರದು.

ಎಣ್ಣೆ, ತುಪ್ಪ

ಕೊಬ್ಬು ತಾನಾಗಿ ಇನ್ಸುಲಿನ್ನನ್ನು ಅಷ್ಟಾಗಿ ಏರಿಸುವುದಿಲ್ಲ. ಆದರೆ 1 ಗ್ರಾಂ ಪಿಷ್ಟದಿಂದ 4 ಕ್ಯಾಲೊರಿ ಬಂದರೆ 1 ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ಬರುತ್ತದೆ. ಮಿಕ್ಕಿದ ಶಕ್ತಿಯೇ ಮೈಯಲ್ಲಿ ಬೊಜ್ಜಾಗಿ, ಕಾಲುವೆಯ ಹೂಳನ್ನು ಹೆಚ್ಚಿಸುತ್ತದೆ. ತುಪ್ಪ, ತಾಳೆ ಎಣ್ಣೆ, ವನಸ್ಪತಿಗಳಲ್ಲಿ ಹೆಚ್ಚಾಗಿರುವ ಸಂತೃಪ್ತ ಕೊಬ್ಬು ಮಿತಿ ಮೀರಿದಾಗ ಯಕೃತ್ತಿನಲ್ಲಿ ಹೆಚ್ಚು ಕೊಬ್ಬು ಕೂಡುತ್ತದೆ. ಕಡಲೆಕಾಯಿ, ಎಳ್ಳು, ಕುಸುಬೆ ಎಣ್ಣೆಗಳು ಮೇಲು. ಆದರೆ ಅವನ್ನೂ ಅಳೆದೇ ಬಳಸಬೇಕು.

ಅನುಸರಿಸಬೇಕಾದ ಕ್ರಮಗಳು

1. ಮನೆಬಳಕೆಯ ಭತ್ತವನ್ನು ಪಾಲಿಷ್ ಇಲ್ಲದೆ ಅಥವಾ ಅತಿ ಕಡಿಮೆ ಪಾಲಿಷ್‌ನಲ್ಲಿ ಮಾಡಿಸಿಕೊಳ್ಳುವುದು.
2. ಅನ್ನ ಅಥವಾ ಮುದ್ದೆಯ ಪ್ರಮಾಣ ತಗ್ಗಿಸಿ, ಸೊಪ್ಪು, ತರಕಾರಿ, ಕಾಳುಗಳನ್ನು ಹೆಚ್ಚಿಸುವುದು.
3. ತಲೆಗೆ ತಿಂಗಳಿಗೆ ಸುಮಾರು ಅರ್ಧ ಲೀಟರಿಗಿಂತ ಹೆಚ್ಚು ಎಣ್ಣೆ ಬಳಸದಿರುವುದು. ಬೋಂಡ, ಬಜ್ಜಿಗಳನ್ನು ಅಪರೂಪಕ್ಕೆ ತಿನ್ನುವುದು.
4. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯುವುದು. ದುಡಿಯುವ ಸ್ನಾಯು ಸಕ್ಕರೆಯನ್ನು ಸುಲಭವಾಗಿ ಹೀರಿಕೊಳ್ಳುತ್ತದೆ.
5. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ, ಅಥವಾ ವಯಸ್ಸು 30 ದಾಟಿದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸುವುದು.

ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ಒಮ್ಮೆಲೇ ಕಡಿತ ಮಾಡಬಾರದು. ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪುವ ಅಪಾಯವಿದೆ.

ಹೊಸ್ತಿಲಲ್ಲಿರುವವರು ಹೆದರಬೇಕಾಗಿಲ್ಲ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟ ಮತ್ತು ನಡಿಗೆಗಳನ್ನು ಸರಿಪಡಿಸಿಕೊಂಡವರಲ್ಲಿ ಕಾಯಿಲೆ ಬರುವ ಸಂಭವ ಶೇಕಡಾ 28ರಷ್ಟು ತಗ್ಗಿತು. ಹೂಳನ್ನು ಕಾಲಕ್ಕೆ ಸರಿಯಾಗಿ ತೆಗೆದರೆ ಕಾಲುವೆ ಮತ್ತೆ ಹರಿಯುತ್ತದೆ ಎಂಬುದನ್ನು ರೈತರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.